ಉಪ್ಪಿನ ಗಂಟಿಂದ ಐಸಿನ ಗಡ್ಡೆಗೆ: ನಮ್ಮ ಸೀಮೆಯ ಕೀಲುನೋವಿನ ಕಥೆ

ಕಾವು ಕೊಡೋದು, ಶಾಖ ಕೊಡೋದು, ಕಾಸೋದು, ಬೆವರಿಸೋದು, ಬಿಸಿನೀರು ಹುಯ್ಯೋದು, ಕಡೀಗೆ ಬರೆ ಹಾಕೋದು. ಕೀಲು ನೋವಿಗೆ ಮಾಡೋ ಬಿಸಿ ಕೆಲಸಕ್ಕೆ ನಮ್ಮ ಮನೆಗಳಲ್ಲಿ ಎಷ್ಟು ಹೆಸರು ಅವೆ ನೋಡ್ರಿ. ತಣ್ಣಗೆ ಮಾಡೋ ಕೆಲಸಕ್ಕೆ ಹಿಂಗೆ ನಾಕು ಹೆಸರು ಹೇಳ್ರಿ ಅಂದ್ರೆ ಬಾಯಿ ಕಟ್ಟುತ್ತೆ. ತಣ್ಪು ಅಂದ್ರೆ ನಮಗೆ ಶೀತ, ಶೀತ ಅಂದ್ರೆ ವಾಯು, ವಾಯು ಅಂದ್ರೆ ನೋವು. ಹಂಗಾಗಿ ಮಂಡಿ ಊದಿ ಕೆಂಡದಂಗೆ ಸುಡ್ತಿದ್ರೂ ಅದರ ಮೇಲೆ ಇನ್ನೊಂದಿಷ್ಟು ಬಿಸಿ ಇಡೋದು ನಮ್ಮ ಪದ್ಧತಿ. ಇದು ಹೆಂಗೆ ಬಂತು, ಯಾವಾಗ ವಸಿ ಅಲುಗಾಡ್ತು ಅನ್ನೋದನ್ನ ಬರೀಬೇಕು ಅಂತ ಭಾಳ ದಿನದಿಂದ ಮನಸ್ಸಲ್ಲಿತ್ತು.

ನನ್ನ ತವರು ಜಗಳೂರು ಕಡೆ, ಕೊಟ್ಟಿದ್ದು ಚನ್ನಗಿರಿ ಕಡೆ, ಅಕ್ಕ ಹೊನ್ನಾಳಿ ಹೊಳೆ ದಂಡೇಲಿ, ತಂಗಿ ನ್ಯಾಮತಿ ಹತ್ರ. ನಾವೆಲ್ಲ ಹುಟ್ಟಿದಾಗ ಇವು ಒಂದೇ ಜಿಲ್ಲೆ ಅಲ್ಲ. ಜಗಳೂರು ಚಿತ್ರದುರ್ಗಕ್ಕೆ, ಚನ್ನಗಿರಿ ಹೊನ್ನಾಳಿ ಶಿವಮೊಗ್ಗಕ್ಕೆ ಸೇರಿದ್ವು. 1997ರಲ್ಲಿ ದಾವಣಗೆರೆ ಜಿಲ್ಲೆ ಆದಾಗ ಒಂದಾದ್ವು. ನ್ಯಾಮತಿ ಹೊನ್ನಾಳಿಯಿಂದ ಬೇರೆಯಾಗಿ ತಾಲ್ಲೂಕು ಆಗಿದ್ದು ಮೊನ್ನೆ ಮೊನ್ನೆ. ಜಿಲ್ಲೆ ಯಾವುದೇ ಇರಲಿ, ಹೆಣ್ಣುಮಕ್ಕಳ ಕೀಲು ಸವೆಯೋ ಕೆಲಸ ಮಾತ್ರ ಆಯಾ ನೆಲದ್ದು. ಜಗಳೂರಲ್ಲಿ ಕೊಡ ಹೊತ್ತು ಹೊತ್ತು ಮಂಡಿ ಹೋದ್ವು, ಬೀಸೋಕಲ್ಲಿನ ಗೂಟ ಹಿಡಿದು ಮಣಿಕಟ್ಟು ಹೋದ್ವು. ಹೊನ್ನಾಳಿ ಕಡೆ ಗದ್ದೆ ಕೆಸರಲ್ಲಿ ಬಗ್ಗಿ ನಾಟಿ ಹಾಕಿ ಸೊಂಟ, ಹಿಮ್ಮಡಿ. ನಮ್ಮ ಚನ್ನಗಿರಿ ಕಡೆ ಅಡಿಕೆ. ಸುಗ್ಗೀಲಿ ಮೆಟ್ಟುಗತ್ತಿ ಮುಂದೆ ಕಾಲು ಮಡಚಿ ಕೂತ್ರೆ ರಾತ್ರಿ ಹತ್ತು, ಹನ್ನೊಂದು. ಬೆರಳ ಗೆಣ್ಣು ಒಂದೊಂದೂ ಕಡಲೆಕಾಳಿನಂಗೆ ದಪ್ಪ ಆಗ್ತಾವೆ. ಈಗ ಸುಲಿಯೋ ಮಷೀನು ಬಂದಾವೆ, ಆದ್ರೆ ಆ ಕಾಲದ ಬೆರಳುಗಳು ಇನ್ನೂ ನಮ್ಮ ಓಣೀಲಿ ಅವೆ.

ಇದಕ್ಕೆ ಅವ್ವ, ಅಜ್ಜಿ ಕಾಲದ ಔಷಧ ಅಡಿಗೆಮನೇಲೇ ಇತ್ತು. ಹರಳುಪ್ಪನ್ನ ಬಾಣಲೇಲಿ ಚಟಪಟ ಅನ್ನೋತನಕ ಹುರಿದು, ಹಳೇ ಪಂಚೆ ತುಂಡಲ್ಲಿ ಗಂಟು ಕಟ್ಟಿ, ಮೊದ್ಲು ತಮ್ಮ ಕೆನ್ನೆಗೆ ಮುಟ್ಟಿಸಿ ನೋಡಿ, ಆಮೇಲೆ ಮಂಡಿಗೆ ಒತ್ತೋರು. ಉಪ್ಪು ಇಲ್ಲದಿದ್ರೆ ಹಳ್ಳದ ಮರಳು, ಅದೂ ಇಲ್ಲದಿದ್ರೆ ಹುರಳಿ. ಎಕ್ಕದ ಎಲೆ, ಔಡಲ ಎಲೆಗೆ ಎಣ್ಣೆ ಸವರಿ ಹಂಚಿನ ಮೇಲೆ ಬಾಡಿಸಿ ಕಟ್ಟೋರು. ಲಕ್ಕಿ ಸೊಪ್ಪು, ಹುಣಸೆ ಸೊಪ್ಪು ಹಾಕಿ ಹಂಡೇಲಿ ನೀರು ಮರಳಿಸಿ ಮೊಣಕಾಲಿಗೆ ಹುಯ್ಯೋರು. ಚಳಿಗಾಲದಾಗ ನಮ್ಮಜ್ಜಿ ಒಲೆ ಪಕ್ಕದ ಅರ್ಧ ಇಟ್ಟಿಗೇನ ಬಟ್ಟೇಲಿ ಸುತ್ತಿ ಹಾಸಿಗೇಲಿ ಇಟ್ಕಂಡು ಮಲಗ್ತಿದ್ಲು. ಉಪ್ಪು, ಮರಳು, ಇಟ್ಟಿಗೆ ಇವೆಲ್ಲ ಕಾವನ್ನ ಹಿಡಿದಿಟ್ಕಂಡು ನಿಧಾನಕ್ಕೆ ಬಿಡ್ತಾವೆ. ಬರೀ ಬಿಸಿ ಬಟ್ಟೆ ಆದ್ರೆ ಎರಡೇ ನಿಮಿಷಕ್ಕೆ ತಣ್ಣಗಾಗ್ತದೆ. ಅಜ್ಜಿಗೆ ಪಾಠ ಓದಿ ಗೊತ್ತಿರಲಿಲ್ಲ, ಕೈ ಅಭ್ಯಾಸದಿಂದ ಗೊತ್ತಿತ್ತು.

ಈ ಅಭ್ಯಾಸ ಎಲ್ಲಿಂದ ಬಂತು ಅಂತ ಹುಡುಕಿದ್ರೆ ಭಾಳ ಹಿಂದಕ್ಕೆ ಹೋಗುತ್ತೆ. ಚರಕ ಸಂಹಿತೆಯ ಸೂತ್ರಸ್ಥಾನದ 14ನೇ ಅಧ್ಯಾಯ ಪೂರ್ತಿ ಬೆವರಿಸೋದರ ಬಗ್ಗೆನೇ ಐತೆ. ಬೆಂಕಿ ಬಳಸಿ ಮಾಡೋ 13 ಬಗೆ ಹೇಳ್ತಾರೆ. ಗಂಟು ಕಟ್ಟಿ ಒತ್ತೋದು, ಕಷಾಯ ಸುರಿಯೋದು, ತೊಟ್ಟೀಲಿ ಕೂರಿಸೋದು, ಕಲ್ಲು ಕಾಯಿಸಿ ಅದರ ಮೇಲೆ ಮಲಗಿಸೋದು. ಅದರಲ್ಲಿ ಹೋಲಾಕ ಅಂತ ಒಂದು. ಸಗಣಿ ಕೆಂಡ ಹೊಗೆ ಆರಿದ ಮೇಲೆ ಅದರ ಮೇಲೆ ಮಂಚ ಹಾಕಿ ಹೊದ್ದು ಮಲಗೋದು. ಓದಿದ ತಕ್ಷಣ ನನಗೆ ನಮ್ಮ ಬಾಣಂತಿ ಕೋಣೆ ಕಣ್ಣ ಮುಂದೆ ಬಂತು. ಹೊರಸಿನ ಕೆಳಗೆ ಕುಳ್ಳಿನ ಕೆಂಡ, ಮೇಲೆ ಕಂಬಳಿ, ಕಿವಿಗೆ ಹತ್ತಿ, ತಲೆಗೆ ಸ್ಕಾರ್ಫು, ಬಾಗಿಲು ಸಂದಿಗೆಲ್ಲ ಬಟ್ಟೆ. ನಾವು ಮೂವರು ಅಕ್ಕತಂಗಿಯರೂ ಹಂಗೇ ಬೆಂದು ಬಂದೋರೇ. ಅದೇ ಅಧ್ಯಾಯದಲ್ಲಿ ಬೆಂಕಿ ಇಲ್ದೇ ಬೆವರಿಸೋ 10 ಬಗೆನೂ ಹೇಳಿದಾರೆ: ಮೈಗೆ ಕೆಲಸ, ದಪ್ಪ ಹೊದಿಕೆ, ಹಸಿವು, ಬಿಸಿಲು, ಭಯ, ಸಿಟ್ಟು. ಸಿಟ್ಟೂ ಒಂದು ಶಾಖ ಅನ್ನೋದಾದ್ರೆ ನಮ್ಮಂಥ ಕೂಡು ಕುಟುಂಬದ ಸೊಸೆಯರಿಗೆ ಕೀಲುನೋವು ಬರಲೇಬಾರದಿತ್ತು!

ನನ್ನ ಅಂದಾಜಿಗೆ ತಣ್ಪಿನ ಮೇಲೆ ನಮಗಿರೋ ಹೆದರಿಕೆ ಬೆಳೆದಿದ್ದೇ ಈ ಬಾಣಂತಿ ಕೋಣೇಲಿ. ಮೂರು ತಿಂಗಳು, ಐದು ತಿಂಗಳು ತಣ್ಣೀರು ಮುಟ್ಟಬೇಡ ಅಂದಿದ್ದು ಮೈಗೆ ಹತ್ತಿ ಹೋಗುತ್ತೆ. ಆಮೇಲೆ ನಲವತ್ತು ದಾಟಿ ಮಂಡಿ ಹಿಡಿದ್ರೆ "ಬಾಣಂತನದಾಗ ನೀರಲ್ಲಿ ಕೈ ಹಾಕಿದ್ಲು, ಅದಕ್ಕೇ" ಅಂತಾರೆ. ಮೂವತ್ತು ವರ್ಷ ಹೊತ್ತ ಕೊಡದ ಮಾತೇ ಯಾರೂ ಎತ್ತಲ್ಲ.

ಬಿಸಿಯ ದೊಡ್ಡಣ್ಣ ಅಂದ್ರೆ ಬರೆ. ಸುಶ್ರುತ ಸಂಹಿತೇಲಿ ಅಗ್ನಿಕರ್ಮ ಅಂತ ಬೇರೆ ಅಧ್ಯಾಯನೇ ಐತೆ, ಕೀಲು, ನರ, ಎಲುಬಿನ ಜಾಗದಲ್ಲಿ ತಡೆಯಲಾರದ ನೋವಿದ್ರೆ ಸುಡೋ ಕ್ರಮ ಹೇಳ್ತಾರೆ. ಅದು ಕಲಿತ ವೈದ್ಯರು ಅಳತೆ ಇಟ್ಟು ಮಾಡೋ ಕೆಲಸ. ಹಳ್ಳಿಗೆ ಬರೋ ಹೊತ್ತಿಗೆ ಕುಡುಗೋಲಿನ ತುದಿ, ಕಬ್ಬಿಣದ ಸರಳು, ಬಳೆ ಚೂರು ಆಯ್ತು. ನಮ್ಮಜ್ಜಿ ಮಂಡಿ ಎರಡೂ ಬದಿಗೆ ಎರಡೆರಡು ಗೆರೆ ಇದ್ವು, ಬೆಳ್ಳಗೆ, ನುಣ್ಣಗೆ. "ನೋವು ಹೋತಾ ಅಜ್ಜಿ?" ಅಂದ್ರೆ "ಬರೆ ಉರಿ ಮುಂದೆ ಮಂಡಿ ನೋವು ಎಲ್ಲಿ ಗೊತ್ತಾಗ್ತದೆ ತಗಾ" ಅಂತಿದ್ಲು.

ಆದ್ರೆ ಅದೇ ಹಳೇ ಪುಸ್ತಕಗಳು ಯಾರಿಗೆ ಕಾವು ಕೊಡಬಾರದು ಅಂತಲೂ ಬರೆದಿದ್ವು. ನಮ್ಮ ಮನೆಗಳಿಗೆ ಶಾಖ ಬಂತು, ಆ ಪಟ್ಟಿ ಬರಲಿಲ್ಲ. ಚರಕರ ಪಟ್ಟೀಲಿ ಬಸುರಿ, ಪಿತ್ತ ಹೆಚ್ಚಾದೋರು, ಬಹಳ ಹಸಿದೋರು ಅವರ ಜೊತೆ ಮಧುಮೇಹದೋರೂ ಅವ್ರೆ. ಕೀಲು ಕೆಂಪಾಗಿ ಉರಿಯೋ ವಾತರಕ್ತ ಅನ್ನೋ ರೋಗ ಐತೆ, ಅದಕ್ಕೆ ಆಢ್ಯವಾತ, ಅಂದ್ರೆ ಉಳ್ಳವರ ವಾತ ಅಂತಲೂ ಹೆಸರು. ಅದರಲ್ಲಿ ರಕ್ತ, ಪಿತ್ತದ ಉರಿ ಜಾಸ್ತಿ ಇದ್ರೆ ತಂಪು ಲೇಪ, ತಂಪು ಧಾರೆ. ವಾತ, ಕಫ ಜಾಸ್ತಿ ಇದ್ರೆ ಬೆಚ್ಚಗಿನದು ಅಂತ ಬೇರೆ ಬೇರೆ ಮಾಡಿ ಹೇಳಿದಾರೆ. ಇನ್ನು ಆಮವಾತ ಅನ್ನೋದನ್ನ ವಿವರವಾಗಿ ಬರೆದದ್ದು ಮಾಧವ ನಿದಾನ. 11ನೇ ಶತಮಾನದ ಬಂಗಾಳದ ಚಕ್ರದತ್ತ ಅದಕ್ಕೆ ಎಣ್ಣೆ ಇಲ್ಲದ ಒಣ ಮರಳಿನ ಗಂಟಿನ ಶಾಖ ಹೇಳ್ತಾನೆ. "ಬಾವು ಇದ್ದಾಗ ಎಣ್ಣೆ ತಿಕ್ಕಬ್ಯಾಡ್ರೇ" ಅಂತ ನಮ್ಮ ದೊಡ್ಡವ್ವ ಬಯ್ತಿದ್ದಿದ್ದು ಅಲ್ಲಿಂದ ಬಂದ ಮಾತೋ, ಅನುಭವದ ಮಾತೋ, ಅಂತೂ ಎರಡೂ ಒಂದೇ.

ಆ ಮಧುಮೇಹದ ಮಾತನ್ನ ನಾನು ಸುಮ್ಮನೆ ಎತ್ತಿಲ್ಲ. ನಮ್ಮ ಮನೆಯವರ ದೊಡ್ಡತ್ತೆಗೆ ಹದಿನೈದು ವರ್ಷದ ಸಕ್ಕರೆ ಕಾಯಿಲೆ. ಪಾದದಲ್ಲಿ ಜೋಮು, ಚಪ್ಪಲಿ ಕಳಚಿ ಬಿದ್ರೂ ಗೊತ್ತಾಗದಷ್ಟು. ಹಿಮ್ಮಡಿ ಕೀಲು ನೋವು ಅಂತ ಮಲಗುವಾಗ ರಬ್ಬರಿನ ಬಿಸಿನೀರು ಚೀಲ ಕಾಲ ಕೆಳಗಿಟ್ಕಂಡು ನಿದ್ದೆ ಹೋದ್ರು. ಬೆಳಿಗ್ಗೆ ಬೊಬ್ಬೆ ಎದ್ದಿತ್ತು, ಅವರಿಗೆ ಒಂದಿಷ್ಟೂ ಉರಿ ಗೊತ್ತಾಗಿರಲಿಲ್ಲ. ಆ ಗಾಯ ನಾಕು ತಿಂಗಳು ಮಾಯಲಿಲ್ಲ, ಕಡೀಗೆ ಒಂದು ಬೆರಳು ತೆಗೆದ್ರು. ಸಕ್ಕರೆ ಕಾಯಿಲೆ ಇದ್ದು ಕಾಲು ಜೋಮು ಹಿಡಿಯೋರು ಪಾದಕ್ಕೆ ಬಿಸಿನೂ ಇಡಬಾರದು, ಐಸೂ ಇಡಬಾರದು. ಕೆನ್ನೆಗೆ ಮುಟ್ಟಿಸಿ ನೋಡೋ ಅಜ್ಜಿ ಬುದ್ಧಿ ಇಲ್ಲಿ ಅರ್ಧ ಮಾತ್ರ ಕೆಲಸಕ್ಕೆ ಬರುತ್ತೆ. ಬಿಸಿ ಎಷ್ಟು ಅನ್ನೋದು ಕೆನ್ನೆಗೆ ಗೊತ್ತಾಗುತ್ತೆ, ಎಷ್ಟು ಹೊತ್ತಾಯ್ತು ಅನ್ನೋದನ್ನ ಪಾದನೇ ಹೇಳಬೇಕು.

ತಣ್ಪಿಗೆ ನಮ್ಮಲ್ಲಿ ಹೆಸರೇ ಇಲ್ಲ ಅಂದೆ. ಒಂದು ಐತೆ, ನಾವು ಅದನ್ನ ತಣ್ಪು ಅಂತ ಗುರುತಿಸಲಿಲ್ಲ ಅಷ್ಟೇ. ಅದು ಪಟ್ಟು. ಕಾಲು ಉಳುಕಿ ಊದಿದ್ರೆ ಹುತ್ತದ ಮಣ್ಣು ಕಲಸಿ ಪಟ್ಟು ಹಾಕೋರು. ಹಸಿ ಮಣ್ಣು ಆರ್ತಾ ಆರ್ತಾ ಮೈಯ ಕಾವನ್ನ ಎಳ್ಕಳ್ತದೆ, ಮಡಕೆ ನೀರು ತಣ್ಣಗಾಗೋ ಲೆಕ್ಕಾನೇ. ಲೋಳೆಸರದ ತಿರುಳು, ಗಂಧ ತೇದು ಹಚ್ಚೋದು ಕೂಡ ಇದೇ ಜಾತಿ. ಗಾಂಧೀಜಿ ಮಣ್ಣಿನ ಪಟ್ಟಿಯನ್ನ ಎಷ್ಟು ನಂಬಿದ್ರು ಅನ್ನೋದು ಎಲ್ಲರಿಗೂ ಗೊತ್ತಿರೋದೇ. ಅಂದ್ರೆ ನಮ್ಮ ಮನೆಗಳಲ್ಲಿ ಕಾವೂ ಇತ್ತು, ತಣ್ಪೂ ಇತ್ತು. ಹೊಸ ಏಟಿಗೆ ಪಟ್ಟು, ಹಳೇ ನೋವಿಗೆ ಕಾವು ಅನ್ನೋ ವಿಂಗಡಣೆ ಕೂಡ ಒಂದು ಮಟ್ಟಿಗೆ ಇತ್ತು. ಆದ್ರೆ ಏಟು ಬೀಳದೇ ತಾನಾಗೇ ಊದಿದ ಕೀಲಿಗೆ ಮಾತ್ರ ಯೋಚನೆ ಇಲ್ದೇ ಕಾವು.

ದೂರದ ಗ್ರೀಸ್ ದೇಶದ ಹಿಪೊಕ್ರಟಿಸ್ ಹೆಸರಿನ ಸೂತ್ರಗಳಲ್ಲಿ ಗಾಯ ಇಲ್ಲದ ಕೀಲು ಊತಕ್ಕೆ, ಉಳುಕಿಗೆ ತಣ್ಣೀರು ಧಾರಾಳ ಸುರೀರಿ ಅಂತ ಎರಡು ಸಾವಿರ ವರ್ಷಕ್ಕೂ ಹಿಂದೆನೇ ಐತೆ. ಆದ್ರೆ ತಣ್ಣೀರಿಗೂ ಐಸಿಗೂ ವ್ಯತ್ಯಾಸ ಐತಲ್ಲ. ನಮ್ಮ ದೇಶದ ಬಯಲು ಸೀಮೆಗೆ ಐಸು ಬಂದಿದ್ದೇ ಒಂದು ಮಜಾ ಕಥೆ. 1833ರಲ್ಲಿ ಅಮೆರಿಕದ ಫ್ರೆಡ್ರಿಕ್ ಟ್ಯೂಡರ್ ಅನ್ನೋ ವ್ಯಾಪಾರಿ ಅಲ್ಲಿನ ಹೆಪ್ಪುಗಟ್ಟಿದ ಕೆರೆ ಐಸನ್ನ ಕೊಯ್ದು, ಹಡಗಲ್ಲಿ ತುಂಬಿ ಕಲ್ಕತ್ತಕ್ಕೆ ಕಳಿಸಿದ. ನಾಕು ತಿಂಗಳ ಪ್ರಯಾಣ, 180 ಟನ್ ಹೊರಟಿದ್ದು ಸುಮಾರು 100 ಟನ್ ಉಳಿದು ಮುಟ್ಟಿತು. ಮದ್ರಾಸಿನ ಕಡಲ ದಂಡೇಲಿ ಅದನ್ನಿಡೋಕೆ ಕಟ್ಟಿದ ಐಸ್ ಹೌಸ್ ಈಗಲೂ ಐತೆ. 1897ರಲ್ಲಿ ವಿವೇಕಾನಂದರು ಉಳ್ಕಂಡಿದ್ದು ಅಲ್ಲೇ, ಈಗ ಅವರ ಹೆಸರಲ್ಲೇ ಐತೆ. ಅದೇ ಶತಮಾನದ ನಡುವೆ ಇಂಗ್ಲೆಂಡಿನ ಜೇಮ್ಸ್ ಆರ್ನಾಟ್ ಅನ್ನೋ ಡಾಕ್ಟರು ಐಸಿಗೆ ಉಪ್ಪು ಬೆರೆಸಿ ನೋವಿನ ಜಾಗಕ್ಕೆ ಇಟ್ಟು ಮರಗಟ್ಟಿಸೋದನ್ನ ಶುರು ಮಾಡಿದ. ನಮ್ಮ ಉಪ್ಪು ಅಲ್ಲಿ ತಣ್ಪಿಗೆ ಸೇರ್ಕಂಡಿತ್ತು!

ಅದೆಲ್ಲ ದೊರೆಗಳಿಗೆ, ಪಟ್ಟಣಕ್ಕೆ. ನಮಗೆ ಐಸು ಅಂದ್ರೆ ಸೈಕಲ್ ಹಿಂದೆ ಡಬ್ಬಿ ಕಟ್ಕಂಡು ಬರೋ ಐಸ್ ಕ್ಯಾಂಡಿಯವನು. ಇಲ್ಲಾಂದ್ರೆ ಮದುವೆ ಮನೆಗೆ ಹೊಟ್ಟಲ್ಲಿ ಮುಚ್ಚಿ ತರ್ತಿದ್ದ ಗಡ್ಡೆ. ಗೋದ್ರೇಜ್ ಕಂಪನಿ 1958ರಲ್ಲೇ ದೇಶದಲ್ಲಿ ಫ್ರಿಜ್ ಮಾಡೋಕೆ ಹಿಡಿದಿದ್ರೂ ನಮ್ಮ ಓಣಿಗೆ ಅದು ಕಾಲಿಟ್ಟಿದ್ದು ಅಡಿಕೆಗೆ ರೇಟು ಬಂದ ಮೇಲೆನೇ. ಬಂದ ಫ್ರಿಜ್ಜಲ್ಲೂ ಮೊಸರು, ಹೂವು, ದೋಸೆ ಹಿಟ್ಟು. ಮಂಡಿಗೆ ಐಸು ಇಡೋ ಯೋಚನೆ ಯಾರಿಗೂ ಬರಲಿಲ್ಲ.

ಆ ಯೋಚನೆ ಬಂದಿದ್ದು 2006ರಲ್ಲಿ. ನೆನಪೈತಲ್ಲ? ಚಿಕೂನ್‌ಗುನ್ಯ. 2005ರ ಕೊನೆಗೆ ಆಂಧ್ರ, ಮಹಾರಾಷ್ಟ್ರ, ಕರ್ನಾಟಕದಲ್ಲಿ ಹೊತ್ಕಂಡಿದ್ದು 2006ರಲ್ಲಿ ಊರೂರನ್ನ ಮಲಗಿಸಿಬಿಡ್ತು. ಆ ವರ್ಷ ದೇಶದಲ್ಲಿ 13 ಲಕ್ಷಕ್ಕೂ ಹೆಚ್ಚು ಜನಕ್ಕೆ ಬಂದಿರಬೇಕು ಅಂತ ಸರ್ಕಾರದ ಲೆಕ್ಕ; ಅದರಲ್ಲಿ ನಮ್ಮ ರಾಜ್ಯದ್ದೇ ಏಳೂವರೆ ಲಕ್ಷದ ಮೇಲೆ, ಅರ್ಧಕ್ಕಿಂತ ಜಾಸ್ತಿ. ಗುಲ್ಬರ್ಗ, ರಾಯಚೂರು, ಬಳ್ಳಾರಿ, ತುಮಕೂರು, ಚಿತ್ರದುರ್ಗದ ಜೊತೆ ನಮ್ಮ ದಾವಣಗೆರೆನೂ ಆ ಪಟ್ಟೀಲಿತ್ತು. ಆ ರೋಗ ಮೊದ್ಲು ಗುರುತಿಸಿದ್ದು 1952-53ರಲ್ಲಿ ಆಫ್ರಿಕಾದ ಈಗಿನ ತಾಂಜಾನಿಯಾ ಕಡೆ. ಅಲ್ಲಿನ ಮಕೊಂಡೆ ಜನರ ಮಾತಲ್ಲಿ ಬಗ್ಗಿ ಮುದುರ್ಕಳ್ಳೋದು ಅಂತ ಅರ್ಥವಂತೆ. ನಮ್ಮ ಜನ ಅದನ್ನ ಚಿಕನ್ ಗುನ್ಯ ಮಾಡಿ ಕೋಳಿ ತಿನ್ನೋದು ಬಿಟ್ರು. ಅದೇ ವರ್ಷ ಮಹಾರಾಷ್ಟ್ರದ ನವಾಪುರದಲ್ಲಿ ಹಕ್ಕಿಜ್ವರ ಬಂದಿತ್ತಲ್ಲ, ಕೋಳಿ ಪಾಪ ಎರಡು ಕಡೆಯಿಂದ ಕೆಟ್ಟ ಹೆಸರು ತಗಂತು.

ಕೋಳಿಯದ್ದಲ್ಲ ತಪ್ಪು, ಈಡಿಸ್ ಸೊಳ್ಳೇದು. ಹಗಲು ಕಚ್ಚೋ, ಕಾಲಿಗೆ ಬಿಳಿ ಪಟ್ಟೆ ಇರೋ ಸೊಳ್ಳೆ. ಅದು ಗಟಾರದಲ್ಲಿ ಹುಟ್ಟಲ್ಲ, ನಾವು ಮುಚ್ಚದೇ ಇಟ್ಟ ಒಳ್ಳೇ ನೀರಲ್ಲಿ ಹುಟ್ಟುತ್ತೆ. ಜಗಳೂರು ಕಡೆ ನಳ ಎಷ್ಟು ದಿನಕ್ಕೊಂದು ಸಲ ಬರ್ತಿತ್ತು ಅನ್ನೋದು ತವರಿನೋರಿಗೆಲ್ಲ ಗೊತ್ತು. ಬಂದ ದಿನ ಡ್ರಮ್ಮು, ಹರವಿ, ಸಿಮೆಂಟ್ ತೊಟ್ಟಿ, ಕೊಳಗ ಎಲ್ಲ ತುಂಬಿಸಿಡಬೇಕು. ಅಂದ್ರೆ ನೀರಿಲ್ಲದ ಊರಲ್ಲೇ ನೀರಿನ ಸೊಳ್ಳೆ ಜಾಸ್ತಿ. ಕೊಡ ಹೊತ್ತು ಮಂಡಿ ಕಳ್ಕಂಡ ಹೆಣ್ಣುಮಕ್ಕಳೇ ಆ ಕೊಡದ ನೀರು ಕೂಡಿಟ್ಟು ಎರಡನೇ ಸಲ ಮಂಡಿ ಕಳ್ಕಂಡ್ರು. ಇದು ನನಗೆ ಈಗಲೂ ಹೊಟ್ಟೆ ಉರಿಯೋ ವಿಷಯ.

ನಮ್ಮ ಓಣೀಲಿ ಮೊದ್ಲು ಮಲಗಿದ್ದು ನನ್ನ ವಾರಗಿತ್ತಿ. ಬೆಳಿಗ್ಗೆ ಸಗಣಿ ಬಾಚ್ತಿದ್ದೋಳು ಸಂಜೆಗೆ ಲೋಟ ಎತ್ತಲಾರದಂಗಾದ್ಲು. ಒಂದೇ ವಾರಕ್ಕೆ ಹದಿನಾಲ್ಕು ಮನೇಲಿ ಹನ್ನೊಂದು ಮನೆ. ಮುಂಜಾನೆ ಬಚ್ಚಲಿಗೆ ಹೋಗೋಕೆ ಗೋಡೆ ಹಿಡ್ಕಂಡು ಹೋಗೋರು, ಕೂತೋರು ಏಳಲಾರರು. ಜ್ವರ ವಾರಕ್ಕೆ ಬಿಟ್ಟರೂ ಕೀಲು ಬಿಡಲಿಲ್ಲ. ಮಣಿಕಟ್ಟು, ಬೆರಳು, ಹಿಮ್ಮಡಿ, ಎರಡೂ ಕಡೆ ಸಮ ಸಮ, ಮಿರಮಿರ ಮಿಂಚೋ ಊತ. ಎಲ್ಲಾರ ಮನೇಲೂ ಬಾಣಲೆ ಒಲೆ ಮೇಲೇರಿತು. ಉಪ್ಪಿನ ಗಂಟು, ಮರಳಿನ ಗಂಟು, ಲಕ್ಕಿ ಸೊಪ್ಪಿನ ನೀರು. ಅಂಗಡೀಲಿ ಹರಳುಪ್ಪೇ ಸಿಗಲಿಲ್ಲ ಒಂದೆರಡು ದಿನ. ಕಾವು ಕೊಟ್ಟಷ್ಟು ಹೊತ್ತು ಹಾಯ್ ಅನ್ನೋದು, ಗಂಟೆ ಬಿಟ್ಟು ಡಬಡಬ ಅಂತ ಊದಿ ಇನ್ನೂ ಜಾಸ್ತಿ ಕಿರುಚೋದು.

ವಾರಗಿತ್ತಿ ಮಗೂಗೂ ಜ್ವರ. ಅದರ ಹಣೆಗೆ ತಣ್ಣೀರು ಬಟ್ಟೆ ಹಾಕ್ತಾ ಕೂತಿದ್ದೋಳು ಒಂದಿನ ಅದೇ ಬಟ್ಟೆನ ಮಡಕೆ ನೀರಲ್ಲಿ ಅದ್ದಿ ತನ್ನ ಮಣಿಕಟ್ಟಿಗೆ ಸುತ್ಕಂಡ್ಲು. "ಹಣೆ ಸುಡ್ತಿದ್ರೆ ತಣ್ಣೀರು, ಕೈ ಸುಡ್ತಿದ್ರೆ ಬಿಸಿನೀರು, ಇದ್ಯಾವ ನ್ಯಾಯ ಅಕ್ಕಾ?" ಅಂದ್ಲು. ನಮ್ಮ ಅತ್ತೆ "ವಾಯು ಹಿಡಿದು ಕೈ ಸೆಟಗಂಡ್ರೆ ನನ್ನ ಕೇಳಬ್ಯಾಡ" ಅಂತ ಒಳಗೆ ಹೋದ್ರು. ಕೈ ಸೆಟಗಳ್ಳಲಿಲ್ಲ. ಅವತ್ತು ರಾತ್ರಿ ಅವಳು ನಿದ್ದೆ ಮಾಡಿದ್ಲು. ಮೂರನೇ ದಿನಕ್ಕೆ ಅತ್ತೆನೂ "ತಾ ಇಲ್ಲಿ ಆ ಒದ್ದೆ ಬಟ್ಟೆ" ಅಂದ್ರು. ಊರಲ್ಲಿ ಫ್ರಿಜ್ ಇದ್ದ ನಾಕು ಮನೆಗೆ ಚಿಕ್ಕ ಮಕ್ಕಳು ಡಬ್ಬಿ ಹಿಡ್ಕಂಡು ಐಸಿಗೆ ಓಡಿದ್ದು ಆವಾಗಲೇ. ಕರೆಂಟು ಇದ್ರೆ ಐಸು, ಇಲ್ದಿದ್ರೆ ಮಡಕೆ ನೀರು.

2008ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ದೆಹಲಿ ಕಚೇರಿಯವರು ಚಿಕೂನ್‌ಗುನ್ಯ ಆರೈಕೆಗೆ ಒಂದು ಮಾರ್ಗದರ್ಶಿ ತಂದ್ರು. ಅದರಲ್ಲಿ ರೋಗ ಜೋರಿರೋ ಮೊದಲ ಹಂತದಲ್ಲಿ ಕೀಲಿಗೆ ಬಿಸಿ ಬೇಡ, ನೋವು ಹೆಚ್ಚಿಸಬಹುದು. ತಣ್ಣನೆ ಪಟ್ಟಿಯಿಂದ ಆರಾಮಾಗೋದು ಕಂಡೈತೆ. ಚೇತರಿಸಿಕೊಳ್ಳುವಾಗ ಹಗುರ ವ್ಯಾಯಾಮ ಮಾಡಬೇಕು ಅನ್ನೋ ಅರ್ಥದ ಮಾತೈತೆ. ನಮ್ಮ ವಾರಗಿತ್ತಿ ಅದಕ್ಕಿಂತ ಎರಡು ವರ್ಷ ಮುಂಚೆ ಹೇಳಿದ್ಲು ಅಂತ ನಾವು ಈಗಲೂ ಅವಳನ್ನ ಡಾಕ್ಟ್ರಮ್ಮ ಅಂತ ರೇಗಿಸ್ತೀವಿ.

ಆ ಹೊತ್ತಲ್ಲಿ ಇನ್ನೊಂದೂ ನಡೀತು. ಊರಿಗೆ ಬ್ಯಾಗ್ ಹಿಡ್ಕಂಡು ಬರ್ತಿದ್ದ ಒಬ್ಬರು ಒಂದು ಇಂಜೆಕ್ಷನ್ ಕೊಟ್ರೆ ಸಂಜೆಗೆ ಎದ್ದು ಓಡಾಡಬಹುದು ಅಂತ ಸುದ್ದಿ. ಓಡಾಡಿದ್ದೂ ನಿಜ. ಅದು ಸ್ಟೀರಾಯ್ಡ್ ಅಂತ ಆಮೇಲೆ ಗೊತ್ತಾಯ್ತು. ಈ ಔಷಧದ ಕಥೆ ಶುರುವಾಗಿದ್ದು 1948ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್ಕಲ್ಲಿ. ಫಿಲಿಪ್ ಹೆಂಚ್ ಅನ್ನೋ ಡಾಕ್ಟರು ಕೀಲುವಾತದಿಂದ ನಡೆಯಲಾರದ 29 ವರ್ಷದ ಹೆಣ್ಣುಮಗಳಿಗೆ ಕಾರ್ಟಿಸೋನ್ ಕೊಟ್ರು. ಕೆಲವೇ ದಿನಕ್ಕೆ ಆಕೆ ಪೇಟೆಗೆ ಹೋಗಿ ಸಾಮಾನು ತಂದ್ಲಂತೆ. 1950ರಲ್ಲಿ ಹೆಂಚ್‌ಗೆ ನೊಬೆಲ್ ಬಂತು. ಆದ್ರೆ ಅದನ್ನ ಹೆಚ್ಚು ದಿನ ತಗಂಡ್ರೆ ಮುಖ ಊದೋದು, ಸಕ್ಕರೆ ಏರೋದು, ಎಲುಬು ಟೊಳ್ಳಾಗೋದು ಬೇಗನೇ ಬಯಲಾಯ್ತು. ಡಾಕ್ಟರ ಕೈಲಿ ಅಳತೇಲಿ ಅದು ಒಳ್ಳೇ ಔಷಧ. ಹೆಸರು ಹೇಳದೇ ಚುಚ್ಚೋರ ಕೈಲಿ ಅಲ್ಲ.

ಊದಿದ ಕೀಲಿಗೆ ಬಿಸಿ ಯಾಕಾಗಲ್ಲ ಅನ್ನೋದಕ್ಕೆ ಒಂದು ಲೆಕ್ಕ ಐತೆ. ಆರೋಗ್ಯವಾಗಿರೋ ಮಂಡಿ ಒಳಗಿನ ಬಿಸಿ ಮೈ ಬಿಸಿಗಿಂತ ಕಡಿಮೆ, ಸುಮಾರು 33 ಡಿಗ್ರಿ. ಊದಿದ ಮಂಡೀಲಿ ಅದು 36ರತ್ತ ಏರುತ್ತೆ. 1974ರಲ್ಲಿ ಹ್ಯಾರಿಸ್ ಮತ್ತು ಮೆಕ್ರಾಸ್ಕರಿ ಅನ್ನೋರು ಕೀಲಿನ ಮೃದು ಎಲುಬನ್ನ ಕರಗಿಸೋ ಕಿಣ್ವವನ್ನ ಪರೀಕ್ಷೆ ಮಾಡಿದ್ರು. 33ರ ಬದಲು 36 ಡಿಗ್ರೀಲಿ ಅದು ಸುಮಾರು ನಾಕು ಪಟ್ಟು ಜೋರಾಗಿ ಕರಗಿಸ್ತಿತ್ತು. ಇದು ಪ್ರಯೋಗಶಾಲೆ ಮಾತು, ಒಂದು ದಿನ ಉಪ್ಪಿನ ಗಂಟು ಇಟ್ರೆ ಮಂಡಿ ಕರಗಿಹೋಗಲ್ಲ. ಆದ್ರೂ ಮೂರೇ ಡಿಗ್ರಿಗೆ ಇಷ್ಟು ವ್ಯತ್ಯಾಸ ಅಂದ್ರೆ ಸುಡೋ ಕೀಲನ್ನ ಇನ್ನಷ್ಟು ಕಾಯಿಸೋಕೆ ಮನಸ್ಸು ಬರಲ್ಲ.

ಹಂಗಂತ ಐಸೇ ದೇವರು ಅಂತಲೂ ಅಲ್ಲ. 1978ರಲ್ಲಿ ಅಮೆರಿಕದ ಗೇಬ್ ಮಿರ್ಕಿನ್ ಅನ್ನೋ ಡಾಕ್ಟರು ಆಟಗಾರರ ಪೆಟ್ಟಿಗೆ ವಿಶ್ರಾಂತಿ, ಐಸು, ಬಿಗಿ ಪಟ್ಟಿ, ಕಾಲು ಎತ್ತಿಡೋದು ಅಂತ ನಾಕು ಸೂತ್ರ ಬರೆದ್ರು, ಲೋಕವೆಲ್ಲ ಅದನ್ನೇ ಹಿಡ್ಕಂತು. ಸುಮಾರು 35 ವರ್ಷ ಬಿಟ್ಟು ಅವರೇ ಐಸು ವಾಸಿಯಾಗೋದನ್ನ ತಡ ಮಾಡಬಹುದು ಅಂತ ಬರೆದ್ರು. ಆಮವಾತದಂಥ ಕೀಲುವಾತಕ್ಕೆ ಬಿಸಿ, ತಣ್ಪು ಎರಡನ್ನೂ ಪರೀಕ್ಷೆ ಮಾಡಿದ ಅಧ್ಯಯನಗಳನ್ನ 2002ರಲ್ಲಿ ಒಟ್ಟು ಸೇರಿಸಿ ನೋಡಿದಾಗ, ಎರಡರಿಂದಲೂ ರೋಗ ಇಳಿಯಲ್ಲ, ಹಾನಿನೂ ಕಾಣಲಿಲ್ಲ ಅಂತ ಬಂತು. ಒಂದು ಮಾತ್ರ ಎದ್ದು ಕಂಡಿದ್ದು: ಬಿಸಿ ಮೇಣದಲ್ಲಿ ಕೈ ಅದ್ದಿ, ಆಮೇಲೆ ಬೆರಳಿನ ವ್ಯಾಯಾಮ ಮಾಡಿದೋರಿಗೆ ಕೈ ಚೆನ್ನಾಗಿ ಆಡ್ತಿತ್ತು. ಅಂದ್ರೆ ಬಿಸಿ ಆಗಲಿ ಐಸಾಗಲಿ ನೋವು ಕಮ್ಮಿ ಮಾಡಿ ಕೈ ಕಾಲು ಆಡಿಸೋಕೆ ದಾರಿ ಬಿಡ್ತಾವೆ, ಅಷ್ಟೇ ಅವುಗಳ ಕೆಲಸ.

ಮುಲಾಮಿನ ಮಾತು ಬಿಟ್ರೆ ಕಥೆ ಪೂರ್ತಿ ಆಗಲ್ಲ. 1893ರಲ್ಲಿ ಮುಂಬೈಯಲ್ಲಿ ಹುಟ್ಟಿದ ಅಮೃತಾಂಜನದ ಡಬ್ಬಿ ಇಲ್ಲದ ಮನೆ ನಮ್ಮ ಕಡೆ ಯಾವುದೈತೆ? ಇಂಥ ಮುಲಾಮು ಹಚ್ಚಿದ್ರೆ ಮೊದ್ಲು ತಣ್ಣಗೆ, ಆಮೇಲೆ ಬಿಸಿ. ನಿಜಕ್ಕೂ ಅಲ್ಲಿ ತಣ್ಣಗೂ ಆಗಿರಲ್ಲ, ಬಿಸಿನೂ ಆಗಿರಲ್ಲ. ಮೆಣಸಿನಕಾಯಿ ಖಾರ ಚರ್ಮದ ಬಿಸಿ ತಿಳಿಯೋ ನರವನ್ನ, ಪುದೀನ ಸತ್ವ ತಣ್ಪು ತಿಳಿಯೋ ನರವನ್ನ ಮುಟ್ಟಿ ಎಬ್ಬಿಸ್ತಾವೆ. ಈ ಗುಟ್ಟು ಬಿಡಿಸಿದ್ದಕ್ಕೆ ಡೇವಿಡ್ ಜೂಲಿಯಸ್‌ಗೆ 2021ರಲ್ಲಿ ನೊಬೆಲ್ ಬಂತು. ಮೆಣಸಿನಕಾಯಿ ಕುಟ್ಟಿದ ಕೈ ರಾತ್ರಿಯೆಲ್ಲ ಯಾಕೆ ಉರಿಯುತ್ತೆ ಅನ್ನೋದಕ್ಕೂ ಅದೇ ಉತ್ತರ. ಮುಲಾಮು ಹಚ್ಚಿದ ಮೇಲೆ ಅದರ ಮೇಲೆ ಬಿಸಿ ಚೀಲ ಮಾತ್ರ ಇಡಬೇಡ್ರಿ, ಚರ್ಮ ಸುಡುತ್ತೆ.

ಈಗ ನಮ್ಮ ಮನೇಲಿ ನಡೆಯೋ ರೀತಿ ಹೇಳ್ತೀನಿ. ಮೊದ್ಲು ಕೈ ಹಿಂಭಾಗದಿಂದ ಎರಡೂ ಮಂಡಿ ಮುಟ್ಟಿ ನೋಡೋದು. ನೋವಿರೋದು ಇನ್ನೊಂದಕ್ಕಿಂತ ಬಿಸಿ ಇದ್ರೆ, ಕೆಂಪಿದ್ರೆ, ಹೊಸದಾಗಿ ಊದಿದ್ರೆ ತಣ್ಪು. ಐಸನ್ನ ಬಟ್ಟೇಲಿ ಸುತ್ತಿ 15 ನಿಮಿಷ, ಚರ್ಮಕ್ಕೆ ನೇರ ತಾಗಿಸಬಾರದು. ಊತ ಇಲ್ಲ, ಬಿಸಿ ಇಲ್ಲ, ಬೆಳಿಗ್ಗೆ ಎದ್ದಾಗ ಬಿಗೀತೈತೆ, ಹಳೇ ಸವೆದ ಮಂಡಿ ಅಂದ್ರೆ ಕಾವು, ಅದೂ 15-20 ನಿಮಿಷ. ನಮ್ಮ ಅತ್ತೆ ಮುಂಜಾನೆ ಬೋಗುಣೀಲಿ ಬೆಚ್ಚಗಿನ ನೀರು ಹಾಕ್ಕಂಡು ಬೆರಳನ್ನ ಮಡಚಿ ಬಿಚ್ಚಿ ಮಾಡ್ತಾರೆ, ಆಮೇಲೇ ಚಾ ಲೋಟ ಹಿಡಿಯೋದು. ಒಂದೇ ಕೀಲು ದಿಢೀರನೆ ಊದಿ, ಜ್ವರ ಬಂದು, ಕಾಲು ಊರಲಾರದಂಗೆ ಆದ್ರೆ ಗಂಟೂ ಬೇಡ ಐಸೂ ಬೇಡ, ಅವತ್ತೇ ಆಸ್ಪತ್ರೆ. ಕೀವು ಕಟ್ಟಿದ್ರೆ ಕೀಲು ದಿನಗಳಲ್ಲೇ ಹಾಳಾಗುತ್ತೆ.

ನ್ಯಾಮತಿ ತಂಗಿ ವಿಷಯದಲ್ಲಿ ನನಗೆ ನೋವಾಗೋದು ಇದೇ. ಅವಳಿಗೆ ಬೆರಳ ಗೆಣ್ಣು ಎರಡೂ ಕೈಲಿ ಊದಿ, ಬೆಳಿಗ್ಗೆ ಗಂಟೆ ಮೇಲೆ ಬಿಗಿದಿರ್ತಿತ್ತು. ಚಿಕೂನ್‌ಗುನ್ಯದ ಉಳಿಕೆ ಅಂತ ಮೂರು ವರ್ಷ ಸೊಪ್ಪಿನ ನೀರು, ಗಂಟು, ಎಣ್ಣೆ. ಅದು ಬೇರೇನೇ, ಆಮವಾತದ ಜಾತಿ ಕೀಲುವಾತ ಆಗಿತ್ತು. ದಾವಣಗೆರೇಲಿ ರಕ್ತ ಪರೀಕ್ಷೆ ಮಾಡಿಸಿ ವಾರಕ್ಕೊಂದೇ ದಿನ ತಗಳ್ಳೋ ಮೆಥೊಟ್ರೆಕ್ಸೇಟ್ ಮಾತ್ರೆ ಶುರು ಮಾಡೋ ಹೊತ್ತಿಗೆ ಎರಡು ಬೆರಳು ಡೊಂಕಾಗಿದ್ವು. ಈ ರೋಗಕ್ಕೆ ಅಮೆರಿಕದಲ್ಲಿ 1988ರಲ್ಲೇ ಒಪ್ಪಿಗೆ ಸಿಕ್ಕ ಮಾತ್ರೆ ಅದು, ಅಪರೂಪದ್ದೂ ಅಲ್ಲ. ಆರು ವಾರ ದಾಟಿ ಊತ ಇಳೀಲಿಲ್ಲ, ಬೆಳಗಿನ ಬಿಗಿತ ಗಂಟೆ ಮೀರ್ತು ಅಂದ್ರೆ ಮನೆ ಮದ್ದಿನ ಕಾಲ ಮುಗೀತು ಅಂತಲೇ ತಿಳೀರಿ. ಅದನ್ನ ದಿನಾ ನುಂಗಬಾರದು, ವಾರಕ್ಕೊಂದೇ ದಿನ, ರಕ್ತ ಪರೀಕ್ಷೆ ತಪ್ಪಿಸಬಾರದು. ತಂಗಿ ಸೋಮವಾರ ಸಂತೆ ಚೀಟಿ ಬರೆಯೋ ಕ್ಯಾಲೆಂಡರಲ್ಲೇ ಮಾತ್ರೆಗೂ ಗುರುತು ಹಾಕ್ತಾಳೆ. ಈ ಸಲ ಅಡಿಕೆ ಸುಗ್ಗಿಗೆ ಬಂದೋಳು ನಾಕು ದಿನ ನಮ್ಮ ಜೊತೆ ಕೂತು ಗೋಟು ಆರಿಸಿ ಹೋದ್ಲು, ಡೊಂಕು ಬೆರಳಲ್ಲೇ. ಹೋಗುವಾಗ ಅವಳ ಬ್ಯಾಗಿಗೆ ನಮ್ಮ ಅತ್ತೆ ಒಂದು ಹರಳುಪ್ಪಿನ ಗಂಟು ಹಾಕಿದ್ರು, ವಾರಗಿತ್ತಿ ಅದರ ಪಕ್ಕಕ್ಕೆ ಐಸು ತುಂಬೋ ರಬ್ಬರ್ ಚೀಲ ಇಟ್ಟಳು.